ಕೌದಿ ಉಪಾಸ ಇತ್ತು

ನನ್ನ ಕೌದಿಗೆ ಇಲಿ ಬಾಯಿ ಹಾಕೈತಿ ನೋಡ್ರಿ. ನಾಕು ಮೂಲಿ ಇರೋ ಕೌದಿ. ಮೂರು ಮೂಲಿ ಬಿಟ್ಟು ಬರೋಬ್ಬರಿ ಒಂದ ಮೂಲಿ ಹುಡುಕಿ ಕಡದು, ಒಳಗಿದ್ದದ್ದು ತಿಂದು, ಗೋಡಿ ಸಂದಿಯಾಗ ಹೋಗಿ ಕುಂತೈತಿ. ಅದೇ ಟ್ರಂಕಿನಾಗ ಬಾಜೂಕ ನನ್ನ ಹಬ್ಬದ ಸೀರಿ ಇತ್ತು, ಹಾಡಿನ ಪುಸ್ತಕ ಇತ್ತು. ಅವಕ್ಕ ಮೂಗು ಸೈತ ಹಚ್ಚಿಲ್ಲ. ಟ್ರಂಕಿನ ಮುಚ್ಚಳ ಒಂದು ಕಡೆ ಎದ್ದು ಎಷ್ಟೋ ವರ್ಷ ಆಯ್ತು. ಇವತ್ತು ರಿಪೇರಿ ಮಾಡಸ್ತೀನಿ, ನಾಳೆ ಮಾಡಸ್ತೀನಿ ಅಂತ ಬಿಟ್ಟಾಕಿ ನಾನ. ಬ್ಯಾರೆಯವರಾಗಿದ್ರ ಬೋನು ತರಾಕ ಬಜಾರಕ್ಕ ಹೋಗತಿದ್ದರು. ನಾ ಆ ತೂತಿನಾಗ ಬೆರಳು ಹಾಕ್ಕೊಂಡು ಬಿಸಿಲಿಗೆ ಒಂದು ತಾಸು ಹಂಗ ಕುಂತೆ.

ಆ ಮೂಲಿಯಾಗ ಒಂದು ತುಂಡು ಜ್ವಾಳದ ರೊಟ್ಟಿ ಇತ್ತು. ನಗಬ್ಯಾಡ್ರಿ. ನಿಜಾಮನ ಕಾಲದಾಗ ಬಡಿದ ರೊಟ್ಟಿ ಅದು. ಒಣಗಿ ಒಣಗಿ ಹುಣಸಿಬೀಜದಂಗ ಗಟ್ಟಿ ಆಗಿತ್ತು. ಅದಕ್ಕ ಆ ಕೌದಿ ನಾ ಒಮ್ಮಿನೂ ತೊಳೀಲಿಲ್ಲ, ವರ್ಷಕ್ಕೊಮ್ಮಿ ಬಿಸಿಲಿಗೆ ಹಾಕಿ ಜಾಡಿಸಿ ಮಡಚಿಡೋದು ಅಷ್ಟ. ಚಳಿಗಾಲದಾಗ ಹೊದ್ದರ ಆ ಗಂಟು ಕೈಗೆ ಹತ್ತತಿತ್ತು. ಹತ್ತಿದ್ರ ಮನ್ಯಾಗ ಇನ್ನೊಬ್ಬರು ಇದ್ದಂಗ ಅನಸ್ತಿತ್ತು. ಒಬ್ಬರ ಇರೋರಿಗೆ ಇಂಥ ಚಟ ಇರ್ತಾವ, ಮಾಫ್ ಮಾಡ್ರಿ.

ಇಲಿಗೆ ಬೈಯಬೇಕಂದ್ರ ನನಗ ಬಾಯಿಲ್ಲ. ಕೌದಿ ಮೂಲಿಯ ರೊಟ್ಟಿ ತಿಂದ ಮೊದಲನೇ ಇಲಿ ನಾನ.

ನಮ್ಮವ್ವ ಕೌದಿ ಹೊಲೀತಿದ್ದಳು. ಯಾದಗಿರಿ ಊರ ಹೊರಗಿನ ಕೇರಿ ನಮ್ಮದು. ನಾ ಹುಟ್ಟೋಕ್ಕಿಂತ ಮೊದಲ ಕೇರಿಯ ನಾಕೈದು ಮನಿಯವರು ಕ್ರಿಸ್ತನ ದಾರಿ ಹಿಡಿದಿದ್ದರು. ದೇವರು ಬದಲಾದ, ಕೇರಿ ಇದ್ದಲ್ಲೇ ಇತ್ತು. ಊರ ಬಾವಿ ಹತ್ರ ನಾವು ಆಗಲೂ ದೂರ ನಿಂತು, ಯಾರರ ಸೇದಿ ಹಾಕಲಿ ಅಂತ ಕೊಡ ಹಿಡಕೊಂಡು ಕಾಯೋರ. ಅವ್ವ ಕೇರಿಯವರ ಹಳಿ ಸೀರಿ, ಹರಿದ ಧೋತರ ಎಲ್ಲಾ ಪದರ ಪದರ ಹಾಸಿ, ಮ್ಯಾಲೆ ಬಣ್ಣ ಬಣ್ಣದ ತ್ಯಾಪಿ ಹಚ್ಚಿ, ಅದರ ಮ್ಯಾಲೇ ಕುಂತು ಹೊಲಿಯೋಳು. ಮೂರು ಮೂಲಿ ಮುಗಿಸಿ ನಾಕನೇದು ತೆರೆದು ಬಿಡೋಳು. ಕಡೀಕ ತನ್ನ ಒಲಿ ಮ್ಯಾಲಿನ ರೊಟ್ಟಿಯಾಗ ಒಂದು ತುಂಡು ಮುರಿದು ಆ ಮೂಲಿಯಾಗ ಇಟ್ಟು ಬಾಯಿ ಹೊಲಿಯೋಳು. ಅದಕ್ಕ ಕೌದಿಯ ಹೊಟ್ಟಿ ತುಂಬೋದು ಅಂತಿದ್ದರು. ಹೊಲಿದಾಕಿಯ ಮನಿ ರೊಟ್ಟಿನ ಆಗಬೇಕು, ಹೊದಿಯೋರ ಮನಿದು ನಡಿಯಂಗಿಲ್ಲ. ಕೌದಿ ಉಪಾಸ ಇದ್ರ ಹೊದ್ದವರಿಗೆ ನಿದ್ದಿ ಹತ್ತಂಗಿಲ್ಲಂತ.

ನನಗಾಗ ಆರು ವರ್ಷ ಇರಬೇಕು. ಒಂದಿನ ಅವ್ವ ನೀರಿಗೆ ಹೋದಾಗ ನಾ ಹೊಸಾ ಕೌದಿಯ ಮೂಲಿ ಹಲ್ಲಿಂದ ಬಿಚ್ಚಿ ಆ ರೊಟ್ಟಿ ತಿಂದುಬಿಟ್ಟೆ. ಹಸಿವಿ ಆಗಿತ್ತೋ, ಬರೇ ಹುಚ್ಚೋ, ಈಗ ನೆನಪಿಲ್ಲ. ಬಾಯಾಗ ದಾರದ ಎಳಿ ಸಿಕ್ಕೊಂಡಿತ್ತು, ಅದರಿಂದ ಸಿಕ್ಕಿಬಿದ್ದೆ. ಅವ್ವ ಬೆನ್ನಿಗೆ ಎರಡು ಏಟು ಕೊಟ್ಟಳು. ಆಮ್ಯಾಲೆ ತನ್ನ ಪಾಲಿನ ರೊಟ್ಟಿ ಅಷ್ಟೂ ನನ್ನ ಮುಂದ ಇಟ್ಟು, "ಕದಿಯಾಕ ಬರ್ತೈತಿ, ಕೇಳಾಕ ಬರಂಗಿಲ್ಲೇನ ನಿನಗ?" ಅಂದಳು. ಏಟು ಅವತ್ತೇ ಮರೆತೆ. ಈ ಮಾತು ಮಾತ್ರ ಮುದುಕಿ ಆಗೋತನಕ ಬೆನ್ನ ಹತ್ತೈತಿ.

ನಾ ಹನ್ನೆರಡರಾಕಿ ಇದ್ದಾಗ ಅವ್ವ ತೀರಿಕೊಂಡಳು. ನನ್ನ ಮಿಶನ್ನಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ದೊರೆಸಾನಿ ಒಬ್ಬಾಕಿ ಇದ್ದಳು, ಉದ್ದನ್ನ ಬಿಳಿ ಹೆಣ್ಣುಮಗಳು, ಬಾಳ ಒಳ್ಳೆಯಾಕಿ. ಆದರ ಕನ್ನಡ ಮಾತಾಡಿದ್ರ ಪ್ರಾರ್ಥನಿ ಓದಿದಂಗ ಇರ್ತಿತ್ತು. ನನ್ನ ಹೆಸರು ಮಾರ್ತಮ್ಮ. ಆ ಹೆಸರಿನ ಕತಿ ನಿಮಗ ಗೊತ್ತಿರಬಹುದು. ಅಕ್ಕ ತಂಗಿ ಇಬ್ಬರ ಮನಿಗೆ ಕ್ರಿಸ್ತಸ್ವಾಮಿ ಬಂದ. ತಂಗಿ ಆತನ ಕಾಲ ಹತ್ರ ಕುಂತು ಮಾತು ಕೇಳಿದಳು, ಮಾರ್ತ ಅನ್ನೋ ಅಕ್ಕ ಅಡಗಿ ಮನ್ಯಾಗ ಒದ್ದಾಡಿದಳು. ಶಭಾಶ್ ಸಿಕ್ಕದ್ದು ಕುಂತಾಕಿಗೆ. ಬೋರ್ಡಿಂಗಿನ ಹುಡಿಗ್ಯಾರು ಈ ಕತಿ ಬಂದಾಗೊಮ್ಮಿ ನನ್ನ ಕಡೆ ತಿರುಗಿ ನೋಡಿ ನಗೋರು. ನನಗ ಆ ಅಕ್ಕನ ಮ್ಯಾಲೆ ಸಿಟ್ಟು. ಕೆಲಸ ಬಿಟ್ಟು ಕುಂತಿದ್ರ ಏನ ಹೋಗತಿತ್ತು ಈಕಿ ಗಂಟು ಅಂತ.

ಅವತ್ತಿಂದ ನಾ ಜಗತ್ತಿನ ಕೆಲಸ ಎಲ್ಲಾ ಎರಡು ಪಾಲು ಮಾಡಿದೆ. ಓದೋದು, ಹಾಡೋದು, ಸುವಾರ್ತೆ ಹೇಳೋದು ದೇವರ ಕೆಲಸ. ಅಡಗಿ, ಕಸ, ಸೂಜಿ ದಾರ ಹೊಟ್ಟಿ ಕೆಲಸ. ಬಾಯಿಂದ ಮಾಡಿದ್ದು ಮ್ಯಾಲಿಂದು, ಕೈಯಿಂದ ಮಾಡಿದ್ದು ಕೆಳಗಿಂದು. ನಮ್ಮವ್ವನ ದಬ್ಬಣ ಒಂದು ನನ್ನ ಹತ್ರ ಇತ್ತು. ಅದನ್ನ ಟ್ರಂಕಿನ ತಳಕ್ಕ ಹಾಕಿದೆ. ಯಾರರ ಅವ್ವ ಏನ ಮಾಡತಿದ್ದಳು ಅಂತ ಕೇಳಿದ್ರ, ಹೊಲಿಗಿ ಬರತಿತ್ತು ಅಂತ ಅರ್ಧ ಮಾತು ಹೇಳಿ ಸುಮ್ಮನಾಗತಿದ್ದೆ.

ಇಪ್ಪತ್ತೊಂದು ತುಂಬೋದರಾಗ ನನ್ನ ಊರೂರಿಗೆ ಸ್ವಾಮಿ ಕತಿ ಹೇಳೋ ಸುವಾರ್ತೆ ಬಾಯಿ ಅಂತ ಮಾಡಿ ಹಳ್ಳಿಗೆ ಕಳಿಸಿದರು. ಶಹಾಪುರದಿಂದ ಗೋಗಿ ದಾಟಿ ಒಳಗ ಹೋದ್ರ ಒಂದು ಹಳ್ಳಿ. ಹೆಸರು ಬ್ಯಾಡ ಬಿಡ್ರಿ, ಆ ಮಂದಿಯ ಮೊಮ್ಮಕ್ಕಳು ಈಗ ಅಲ್ಲಿದ್ದಾರ. ನನಗ ಇರಾಕ ಕೊಟ್ಟದ್ದು ಊರಿಗೂ ಕೇರಿಗೂ ನಡುವ ಒಂದು ಮಣ್ಣಿನ ಕ್ವಾಣಿ, ಮುಂದ ಒಂದು ಬೇವಿನ ಗಿಡ. ಆ ನಡುವಿನ ಜಾಗ ನನಗ ಬರೋಬ್ಬರಿ ಹೊಂದತಿತ್ತು. ಕೇರಿಯವರು ಓದಿದಾಕಿ ಅಂತ ದೂರ ನಿಲ್ಲೋರು, ಊರವರು ಕೇರಿಯಾಕಿ ಅಂತ ದೂರ ನಿಲ್ಲೋರು. ಇಡೀ ಊರಿಗೆ ಕ್ರಿಸ್ತಳು ಅಂದ್ರ ನಾ ಒಬ್ಬಾಕಿ. ಭಾನುವಾರ ಬಾಗಲ ತೆರೆದು ಒಬ್ಬಾಕಿನ ಹಾಡು ಹಾಡಿ, ಒಬ್ಬಾಕಿನ ಪ್ರಾರ್ಥನಿ ಮಾಡಿ, ಆಮೆನ್ ಅಂತ ಒಬ್ಬಾಕಿನ ಅಂದು, ಅನ್ನಕ್ಕ ಇಡತಿದ್ದೆ. ಒಬ್ಬರ ದನಿಯಾಗ ಆಮೆನ್ ಎಷ್ಟು ಸಣ್ಣದಾಗಿ ಕೇಳತೈತಿ ಅನ್ನೋದು ಅಂದವರಿಗೇ ಗೊತ್ತು.

ಅಂಗಳದಾಗ ನಿಂತ್ರ ದೂರದಾಗ ಶಹಾಪುರದ ಗುಡ್ಡ ಕಾಣತಿತ್ತು. ಮನುಷ್ಯಾ ಅಂಗಾತ ಮಲಗಿದಂಗ ಇರೋ ಗುಡ್ಡ, ಹಣಿ, ಮೂಗು, ಎದಿ ಎಲ್ಲಾ ತಿಳೀತೈತಿ. ನಾ ದಿನಾ ಸಂಜೀಕ ಅದನ್ನ ನೋಡಿ, ಪಾಪ, ಇಷ್ಟು ದೊಡ್ಡಾಂವಗ ಹೊದಿಸೋರು ಒಬ್ಬರೂ ಇಲ್ಲಲ್ಲ ಅಂದ್ಕೊಳ್ಳತಿದ್ದೆ. ಮಾತಾಡಾಕ ಮನುಷ್ಯಾರು ಸಿಗದಿದ್ರ ಗುಡ್ಡದ ಜೋಡಿ ಮಾತು ಹತ್ತತಾವ.

ಕೆಲಸ ಅಂದ್ರ ಚಿತ್ರದ ಸುರುಳಿ. ಬಣ್ಣದ ದೊಡ್ಡ ದೊಡ್ಡ ಚಿತ್ರ, ಬೇವಿನ ಟೊಂಗಿಗೆ ಕಟ್ಟಿ ಒಂದೊಂದ ತಿರುವಿ ಕತಿ ಹೇಳಬೇಕು. ತಿಂಗಳಿಗೊಮ್ಮಿ ಎಷ್ಟು ಮಂದಿ ಕೇಳಿದರು ಅಂತ ದೊರೆಸಾನಿಗೆ ಕಾಗದ ಬರೀಬೇಕು. ಮಂದಿ ಏನ ಕೇಳ್ತಾರ್ರಿ? ಮುಂಜಾನಿ ಎದ್ದು ಹೊಲಕ್ಕ ಹೋದವರು ಸಂಜೀಕ ಸೊಂಟ ಹಿಡಕೊಂಡು ಬರೋರು. ನಾ ಮಾತು ಸುರು ಮಾಡಿದ್ರ ನಿಂತವರಿಗೂ ಮನಿ ಕೆಲಸ ನೆನಪಾಗತಿತ್ತು. ಒಂದಿನ ತಪ್ಪಿಸಿಕೊಂಡ ಕುರಿಯ ಚಿತ್ರ ಕಟ್ಟಿ ಇತ್ತ ತಿರುಗೋದರಾಗ ಹಿಂದ ಚರ ಚರ ಸಪ್ಪಳ. ನೋಡಿದ್ರ ಒಂದು ಆಡು ಕುರುಬನ ಕಾಲು ಮೊಣಕಾಲತನಕ ತಿಂದು, ಇನ್ನೇನು ಕುರಿಗೆ ಬಾಯಿ ಹಾಕಬೇಕು ಅನ್ನೋದರಾಗಿತ್ತು.

ಆಡಿನ ಹಿಂದ ಮಾಳವ್ವ ಬಂದಳು. ಕುರುಬರ ಮುದುಕಿ, ಗಂಡ ಇಲ್ಲ, ಕುರಿ ಆಡು ಕಾಯ್ಕೊಂಡು ಮಗಳ ಜೋಡಿ ಇದ್ದಾಕಿ. ಕಣ್ಣಾಗ ಹೂವು ಬಿದ್ದು ಎಲ್ಲಾ ಮಂಜು ಮಂಜು ಕಾಣತಿತ್ತು ಆಕಿಗೆ. ಆದರ ಕುರಿಯನ್ನ ಕೂಗಿನ ಮ್ಯಾಲೆ ಗುರುತು ಹಿಡಿಯೋಳು.

"ಏನ ತಿಂತ್ರೀ ಬಾಯಾರ ನಮ್ಮ ಆಡು?" ಅಂದಳು.

ಹೇಳಿದೆ. ಹೇಳೋ ನೆವಕ್ಕ ಕತಿನೂ ಹೇಳಿದೆ, ಕೇಳೋರು ಸಿಕ್ಕದ್ದ ದೊಡ್ಡದು. ನೂರು ಕುರಿಯಾಗ ಒಂದು ತಪ್ಪಿಸಿಕೊಂಡಿತು, ಕುರುಬ ಉಳಿದ ತೊಂಬತ್ತೊಂಬತ್ತು ಅಡವ್ಯಾಗ ಬಿಟ್ಟು ಅದೊಂದನ್ನ ಹುಡುಕಾಕ ಹೋದ ಅಂತ. ಮಾಳವ್ವ ಕೋಲಿನ ಮ್ಯಾಲೆ ಗದ್ದ ಇಟ್ಟು ಪೂರಾ ಕೇಳಿದಳು.

"ತ್ವಾಳ ಬಂದ್ರ?" ಅಂದಳು.

"ಎಲ್ಲಿ ಬಂದ್ರ ಆಯಿ?"

"ಬಿಟ್ಟು ಹೋದನಲ್ಲ ಉಳಿದವನ್ನ, ಅಲ್ಲಿ. ಅಂವ ಕುರುಬ ಅಲ್ಲ ಬಿಡ್ರಿ. ಕುರುಬ ಆದವ ಅಷ್ಟೂ ಹೊಡಕೊಂಡು ಹೋಗಿ ಒಂದನ್ನ ಹುಡುಕ್ತಾನ."

ಬೋರ್ಡಿಂಗಿನಾಗ ಈ ಪ್ರಶ್ನಿಗೆ ಉತ್ತರ ಕಲಿಸಿರಲಿಲ್ಲ. ನಾ ಸುರುಳಿ ಸುತ್ತಿಕೊಂಡು ಒಳಗ ಬಂದೆ. ಆ ತಿಂಗಳು ಕಾಗದದಾಗ ಕೇಳಿದವರು ಒಬ್ಬರು ಅಂತ ಬರೆದೆ. ಆಡಿನ ಸುದ್ದಿ ಬರೀಲಿಲ್ಲ.

ಮಾಳವ್ವ ಆಮ್ಯಾಲೆ ಆಗಾಗ ಬರಾಕ ಹತ್ತಿದಳು. ಹೊಸ್ತಲದ ಹೊರಗ ಕೂಡೋಳು, ನಾ ಒಳಗ. ನಡುವ ಆ ಕಟ್ಟಿಗಿ ಹೊಸ್ತಲ. ಯಾರೂ ಹೇಳದ ಇಬ್ಬರಿಗೂ ಗೊತ್ತಿದ್ದ ಗೆರಿ ಅದು. ಒಂದಿನ ನಾ ಹರಿದ ನನ್ನ ಕೌದಿಗೆ ತ್ಯಾಪಿ ಹಚ್ಚಾಕತ್ತಿದ್ದೆ. ಮಾಳವ್ವ ಕೈ ಒಳಗ ಚಾಚಿ ಹೊಲಿಗಿ ಮ್ಯಾಲೆ ಬೆರಳು ಆಡಿಸಿದಳು.

"ಇದು ನಿಮ್ಮ ಕೈಯಿಂದೇನ್ರಿ? ಸಾಸಿವಿ ಇಟ್ಟಂಗ ಹೊಲೀತೀರಿ."

ಆ ಮಾತಿಗೆ ನನಗ ಎಷ್ಟು ಹಿಗ್ಗು ಆಯ್ತು ಅಂದ್ರ, ನಾಚಿಕಿನೂ ಆಯ್ತು. ಎರಡು ವರ್ಷದಾಗ ನನ್ನ ಮಾತನ್ನ ಯಾರೂ ಚಲೋ ಅಂದಿರಲಿಲ್ಲ.

ಆಕಿ ಮಗಳು ನಿಂಗಮ್ಮ ಚೊಚ್ಚಲ ಬಸರಿ. "ಕೂಸಿಗೆ ಒಂದು ಕೌದಿ ಬೇಕ್ರಿ. ಕಂಬಳಿ ನಮ್ಮಲ್ಲಿ ಬೇಕಾದಷ್ಟು ಅದಾವ, ಆದರ ಹಸಿಗೂಸಿಗೆ ಚುಚ್ಚತೈತಿ. ನನಗ ಸೂಜಿ ಕಣ್ಣು ಕಾಣವಲ್ದು" ಅಂದಳು. ಮರುದಿನ ತನ್ನ ಮದುವಿ ಸೀರಿ, ಗಂಡನ ರುಮಾಲು, ತೀರಿಹೋದ ಇನ್ನೊಬ್ಬ ಮಗಳ ಪರಕಾರದ ಲಂಗ ಗಂಟು ಕಟ್ಟಿ ತಂದಳು. ಗಂಟು ಹೊಸ್ತಲದ ಮ್ಯಾಲೆ ಇಟ್ಟು ಎದ್ದು ಹೊಂಟಾಕಿ, ತಿರುಗಿ ನಿಂತು, "ಹೊಟ್ಟಿ ತುಂಬಿ ಹೊಲೀರಿ ಮತ್ತ" ಅಂದಳು.

ನಾ ತಲಿ ಅಲ್ಲಾಡಿಸಿದೆ. ಮಂದಿ ಹಂಗ ಅಂತಾರ, ವಾಡಿಕಿ ಮಾತು ಅಂದ್ಕೊಂಡೆ.

ಟ್ರಂಕಿನ ತಳದಿಂದ ಅವ್ವನ ದಬ್ಬಣ ತಗದೆ. ಇಪ್ಪತ್ತು ದಿನ ಹೊಲಿದೆ. ಖರೆ ಹೇಳತೀನಿ, ಆ ಇಪ್ಪತ್ತು ದಿನದಂಥ ದಿನ ನನ್ನ ಜೀವನದಾಗ ಬಾಳ ಬಂದಿಲ್ಲ. ಮಾಳವ್ವ ಮಧ್ಯಾಹ್ನ ಬಂದು ಹೊಸ್ತಲದಾಚೆ ಕುಂತು ಒಂದೊಂದು ಅರಿವಿಯ ಸುದ್ದಿ ಹೇಳೋಳು. ಈ ರುಮಾಲು ಸುತ್ತಿಕೊಂಡು ಗಂಡ ಸುರಪುರ ಸಂತಿಗೆ ಹೋಗತಿದ್ದ, ಈ ಪರಕಾರದಾಗ ಮಗಳು ಶೇಂಗಾ ಕಟ್ಟಿಕೊಂಡು ಬರತಿದ್ದಳು. ನಾನೂ ನಮ್ಮವ್ವನ ಸುದ್ದಿ ಹೇಳಿದೆ. ಅರ್ಧ ಮಾತಲ್ಲ, ಪೂರಾ. ನಡುವ ಒಂದೆರಡು ಸಲ ಪ್ರಾರ್ಥನಿ ಹಾಡೂ ಹಾಡಿದೆ, ಹೊಲಿಯಾಕ ತಾಳ ಸಿಗತಿತ್ತು. ಆದರ ಸಂಜಿ ಆದ ಕೂಡಲೇ ನನಗ ಕಳವಳ. ದೇವರ ಹೊತ್ತು ಕದ್ದು ಹೊಟ್ಟಿ ಕೆಲಸ ಮಾಡಾಕತ್ತೀನಿ, ಸುರುಳಿ ಮೂಲಿಯಾಗ ಧೂಳು ತಿನ್ನಾಕತ್ತೈತಿ ಅಂತ. ಮಾರ್ತ ಕಡೀಕೂ ಮಾರ್ತನ ಆದಳು ಅಂತ ನನಗ ನಾನ ಬೈಕೊಂಡೆ.

ನಾಕನೇ ಮೂಲಿ ಬಂತು. ತೆರೆದು ಬಿಟ್ಟು ಕುಂತೆ. ಒಲಿ ಮ್ಯಾಲೆ ರೊಟ್ಟಿ ಇತ್ತು, ನನ್ನ ಕೈ ರೊಟ್ಟಿ. ಈಗ ನಿಮ್ಮ ಮುಂದ ಸುಳ್ಳು ಯಾಕ್ರಿ? ನಾ ಅವತ್ತು ನನಗ ಹೇಳಿಕೊಂಡದ್ದು, ಇದು ಮೂಢನಂಬಿಕಿ, ಕ್ರಿಸ್ತಳಾದಾಕಿ ಮಾಡಬಾರದು ಅಂತ. ಒಳಗಿನ ಮಾತು ಬ್ಯಾರೆ ಇತ್ತು. ಅರಿವಿಗೆ ಮೈಲಿಗಿ ಆದ್ರ ನೀರು ಚಿಮಕಿಸಿ ಒಳಗ ಒಯ್ತಾರ. ಕೇರಿಯಾಕಿ ಬಡಿದ ರೊಟ್ಟಿಗೆ ಯಾವ ನೀರು ಚಿಮಕಸ್ತಾರ? ರೊಟ್ಟಿ ಇಟ್ಟು, ನಾಳೆ ಮಾಳವ್ವ ಮೂಲಿ ಹಿಚುಕಿ ನೋಡಿ, ಬಿಚ್ಚಿ ನಾಯಿಗೆ ಒಗೆದ್ರ? ಆಮ್ಯಾಲೆ ಆ ಹೊಸ್ತಲದ ಕಡೆ ನಾ ಹ್ಯಾಂಗ ನೋಡಲಿ? ಇಡ್ಲೇನ ಅಂತ ಒಂದು ಮಾತು ಆಕಿನ್ನ ಕೇಳಬಹುದಿತ್ತು. ಕೇಳಲಿಲ್ಲ.

ಅದರ ಬದಲು ಶಾಣ್ಯಾತನ ಮಾಡಿದೆ. ಮಿಶನ್ನಿನಿಂದ ಬಂದ ಸಣ್ಣ ಸಣ್ಣ ಅಚ್ಚಿನ ಕಾಗದ ನನ್ನ ಹತ್ರ ಇದ್ದವು. ಸ್ವಾಮಿ ತನ್ನನ್ನ ತಾನು ರೊಟ್ಟಿ ಅಂತ ಕರಕೊಂಡ ಮಾತು ಇರೋ ಒಂದನ್ನ ಆರಿಸಿ, ಎಂಟು ಮಡಿಕಿ ಮಾಡಿ, ಮೂಲಿಯಾಗ ತುರುಕಿ, ಬಾಯಿ ಹೊಲಿದುಬಿಟ್ಟೆ. ಕೌದಿ ಹೊಟ್ಟಿನೂ ತುಂಬಿತು, ಸುವಾರ್ತೆನೂ ಮನಿ ಹೊಕ್ಕಿತು, ನನ್ನ ಇಪ್ಪತ್ತು ದಿನಾನೂ ದೇವರ ಲೆಕ್ಕಕ್ಕ ಹೋಯ್ತು ಅಂತ ಸಮಾಧಾನ. ಆ ರಾತ್ರಿ ಬಾಳ ಚಲೋ ನಿದ್ದಿ ಮಾಡಿದೆ. ಮರುದಿನ ಮಾಳವ್ವ ಬಂದು ಕೌದಿ ಒಯ್ದಳು.

ನಿಂಗಮ್ಮಗ ಗಂಡು ಕೂಸು ಹುಟ್ಟಿತು. ಕೂಸು ಕೌದಿಯಾಗ ಹೊಳ್ಳಿದಾಗೊಮ್ಮಿ ಮೂಲಿಯಾಗ ಸರ ಸರ ಸಪ್ಪಳ. ಕಣ್ಣಿಲ್ಲದ ಮಾಳವ್ವನ ಕಿವಿ ಎಷ್ಟು ಚುರುಕು ಅಂತ ಆಗಲೇ ಹೇಳೀನಿ. ಅದೇ ವಾರ ಕೂಸಿಗೆ ಮೈ ಸುಡಾಕ ಹತ್ತಿತು. ಬಾಣಂತಿ ನೋಡಾಕ ಬಂದ ಹೆಣ್ಣುಮಕ್ಕಳು ಮೂಲಿ ಬಿಚ್ಚಿದರು. ಮಡಿಚಿದ ಕಾಗದ, ಅದರ ಮ್ಯಾಲೆ ಕರೀ ಅಕ್ಷರ. ಓದಾಕ ಯಾರಿಗೂ ಬರಂಗಿಲ್ಲ. ಆ ಕಾಲದಾಗ ಹಳ್ಳಿಯವರ ಕೈಗೆ ಕಾಗದ ಬಂತಂದ್ರ ಒಂದು ಕಚೇರಿಯಿಂದ ಉರ್ದು ಹುಕುಂ, ಇಲ್ಲಾ ಗೋಗಿ ದರ್ಗಾದ ತಾಯತ. ತಾಯತ ಕೇಳಿ ತರತಾರ, ಕೊಳ್ಳಾಗ ಎಲ್ಲರಿಗೂ ಕಾಣೋಹಂಗ ಕಟ್ಟತಾರ. ಕೇಳದ, ಕಾಣದಂಗ, ಕೂಸಿನ ಹಾಸಿಗಿಯಾಗ ಹೊಲಿದಿಟ್ಟ ಕಾಗದ ಮಾಟ ಅಲ್ಲದ ಮತ್ತೇನು?

ಬಾವಿ ಕಟ್ಟಿ ಮ್ಯಾಲೆ ಸುದ್ದಿ ಆಯ್ತು. ನನಗ ನೀರು ಸೇದಿ ಹಾಕತಿದ್ದ ಹೆಣ್ಣುಮಗಳು ಬಕೀಟು ಕಟ್ಟಿ ಮ್ಯಾಲೆ ಇಟ್ಟು ನಡೆದುಬಿಟ್ಟಳು. ನಾ ಕೊಡ ಹಿಡಕೊಂಡು ನಿಂತೇ ನಿಂತೆ. ಕಡೀಕ ಹಳ್ಳಕ್ಕ ಹೋಗಿ ವರತಿ ತೋಡಿ ನೀರು ತಂದೆ. ಒಬ್ಬರೂ ಬಂದು ಜಗಳಾಡಲಿಲ್ಲ, ಕಲ್ಲು ಒಗೀಲಿಲ್ಲ. ಜಗಳಾಡಿದ್ರ ಬೇಸಿತ್ತು, ಮಾತರ ಆಡಿದಂಗ ಆಗತಿತ್ತು. ಮಾಳವ್ವನೂ ಬರಲಿಲ್ಲ. ಹನ್ನೊಂದು ದಿನ ನನ್ನ ಹೊಸ್ತಲದ ಹೊರಗ ಯಾರೂ ಕೂಡಲಿಲ್ಲ. ಕೂಸಿಗೆ ಏನಾಯ್ತು ಅಂತ ಕೇಳಾಕ ಹೋಗಬೇಕು ಅಂತ ದಿನಾ ಸೆರಗು ಹೊದ್ದು ಬಾಗಲತನಕ ಬರೋದು, ಹೋದ್ರ ಬಾಗಲ ಹಾಕ್ಕೊಂಡಾರು ಅಂತ ಹೊಳ್ಳಿ ಒಳಗ ಹೋಗೋದು. ಇಷ್ಟ ನನ್ನ ಶೌರ್ಯ.

ದೊರೆಸಾನಿಗೆ ಕಾಗದ ಬರೆದೆ, ಈ ಊರಾಗ ನನ್ನಿಂದ ಆಗಂಗಿಲ್ಲ, ಕರಕೊಳ್ರಿ ಅಂತ. ಉತ್ತರ ಬಂತು: "ಪ್ರಿಯ ಮಾರ್ತಮ್ಮ, ನೀನು ದುಃಖಿಸಬೇಡ. ಸೋಮವಾರದ ದಿನ ಬಂಡಿಯು ಬರುತ್ತದೆ." ಹಾಸಿಗಿ ಸುತ್ತಿದೆ, ಟ್ರಂಕು ಕಟ್ಟಿದೆ. ಸೋಮವಾರ ಮುಂಜಾನಿ ಬಾಗಲ ತೆರೆದು ಬಂಡಿ ದಾರಿ ನೋಡಕೋತ ಕುಂತೆ.

ಬಂಡಿಗಿಂತ ಮೊದಲ ಮಾಳವ್ವ ಬಂದಳು. ಕೋಲು ಊರಿಕೋತ, ಹೆಗಲ ಮ್ಯಾಲೆ ಆ ಕೌದಿ. ಕುರಿ ಇಲ್ಲ, ಆಡು ಇಲ್ಲ, ಒಬ್ಬಾಕಿನ. ಮಾರಿ ಮ್ಯಾಲೆ ಒಗದು ಹೋಗಾಕ ಬಂದಾಳ ಅಂದ್ಕೊಂಡೆ.

ಹೊಸ್ತಲದ ಹೊರಗ ತನ್ನ ಜಾಗಾದಾಗ ಕುಂತಳು. ಬಿಚ್ಚಿದ ಮೂಲಿ ನನ್ನ ಕಡೆ ಮಾಡಿ ಇಟ್ಟಳು. ಸೆರಗಿನ ಗಂಟು ಬಿಚ್ಚಿ ಕಾಗದ ತಗದಳು.

"ಕೂಸು ಹ್ಯಾಂಗೈತಿ ಆಯಿ?" ಅಂದೆ.

"ಚಲೋ ಐತಿ. ಬಿಸಿಲಿನ ಜ್ವರ ಅದು. ಕಾಗದಕ್ಕ ಜ್ವರ ಬರ್ತಿದ್ರ ಕಚೇರಿ ಕಾರಕೂನರೆಲ್ಲಾ ಸತ್ತುಹೋಗತಿದ್ದರು." ಮುದುಕಿ ಉಸಿರು ತಗೊಂಡಳು. "ಇದರಾಗ ಏನು ಬರದೈತಿ ಹೇಳು ತಂಗಿ. ಬಾಣಂತಿ ಬಿಟ್ಟು ಬರಾಕ ಆಗಲಿಲ್ಲ, ಇಲ್ಲಂದ್ರ ಅವತ್ತ ಬಂದು ಕೇಳತಿದ್ದೆ."

ಬಾಯಾರ ಹೋಗಿ ತಂಗಿ ಆಗಿದ್ದೆ. ಅದು ನನಗ ಆಮ್ಯಾಲೆ ಹೊಳೀತು.

"ರೊಟ್ಟಿ ಮಾತು ಐತ್ರಿ ಅದರಾಗ" ಅಂದೆ. "ನಮ್ಮ ಸ್ವಾಮಿ ಹಸಿದವರಿಗೆ ತಾನ ರೊಟ್ಟಿ ಆಗ್ತೀನಿ ಅಂದದ್ದು."

ಮಾಳವ್ವ ಕಾಗದ ಮೂಸಿ ನೋಡಿದಳು.

"ರೊಟ್ಟಿ ಸುದ್ದಿ ಇಟ್ಟಿ, ರೊಟ್ಟಿ ಇಡಲಿಲ್ಲೇನ?"

ನಾ ಆ ಬಿಚ್ಚಿದ ಮೂಲಿ ಕೈಯಾಗ ತಗೊಂಡೆ.

"ಅವತ್ತ ಹೇಳಿದ್ನಿಲ್ಲೋ ನಿನಗ, ಹೊಟ್ಟಿ ತುಂಬಿ ಹೊಲಿ ಅಂತ? ಕೂಸು ಹುಟ್ಟಿದಾಗಿಂದ ಅದರ ಕೌದಿ ಉಪಾಸ ಐತಿ."

"ಆಯಿ, ನಾ ಬಡಿದ ರೊಟ್ಟಿ..."

"ಯಾರ ಕೈಯಾಗ ಅರಿವಿ ಕೊಟ್ಟೀನಿ ಅಂತ ನನಗ ಗೊತ್ತಿರಲಿಲ್ಲೇನ? ಕುರುಡಿ ಅದೀನಿ, ಹುಚ್ಚಿ ಅಲ್ಲ. ಏಳು, ಒಲಿ ಹಚ್ಚು."

ಕಟ್ಟಿದ ಗಂಟು ಬಿಚ್ಚಿ ಹಿಟ್ಟು ತಗದೆ, ಹಂಚು ತಗದೆ. ಮೊದಲನೇ ರೊಟ್ಟಿ ಹರೀತು, ಎರಡನೇದು ಸೀದು ಕರೀ ಆಯ್ತು. ಹೊರಗ ಕುಂತಾಕಿ, "ವಾಸನಿ ಮ್ಯಾಲೆ ತಿಳೀತು, ನಿನಗ ಸೂಜಿ ಬರ್ತೈತಿ, ಹಂಚು ಬರಂಗಿಲ್ಲ" ಅಂದಳು. ಮೂರನೇದು ಹ್ಯಾಂಗೋ ಆಯ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ. ಒಂದು ತುಂಡು ಮುರಿದು ಮೂಲಿಯಾಗ ಇಟ್ಟು ಆಕಿ ಮುಂದ ಹೊಲಿದೆ. ಮಾಳವ್ವ ಹಿಚುಕಿ ನೋಡಿ ತಲಿ ಆಡಿಸಿದಳು. ಆಮ್ಯಾಲೆ ಕೈ ಹೊಸ್ತಲ ದಾಟಿಸಿ ಒಳಗ ಚಾಚಿದಳು.

"ಇನ್ನೊಂದು ತುಂಡು ಕೊಡು."

"ಯಾಕ್ರಿ?"

"ಮುಂಜಾನಿಂದ ಏನೂ ತಿಂದಿಲ್ಲ."

ನಾ ಬಾವಿ ಕಡೆ ನೋಡಿದೆ. ಅಲ್ಲಿ ಹೆಣ್ಣುಮಕ್ಕಳು ಕೊಡ ಕೆಳಗಿಟ್ಟು ಇತ್ತಾಗ ನೋಡಾಕತ್ತಿದ್ದರು. "ಆಯಿ, ಅಲ್ಲಿ ಮಂದಿ ನೋಡಾಕತ್ತಾರ. ಕುಲದವರು ಕೇಳಿದ್ರ?"

"ಕೇಳಲಿ. ನನ್ನ ಮೊಮ್ಮಗನ ಕೌದಿ ತಿಂದದ್ದು ನಾ ತಿನ್ನಬಾರದೇನ?"

ಕೊಟ್ಟೆ. ಹೊಸ್ತಲದ ಹೊರಗ ಕುಂತು, ಹಲ್ಲಿಲ್ಲದ ಬಾಯಾಗ ಆ ದಪ್ಪ ತುಂಡು ಸಾವಕಾಶ ನುರಿಸಿ ನುರಿಸಿ ತಿಂದಳು. ನಾ ಒಳಗ ಕುಂತು ಅಳಾಕ ಹತ್ತಿದೆ. ಚರ್ಚಿನಾಗ ಪ್ರಭುಭೋಜನದ ರೊಟ್ಟಿ ಅಲ್ಲಿತನಕ ಎಷ್ಟು ಸಲ ತಿಂದಿದ್ದೆ, ಇಸ್ತ್ರಿ ಮಾಡಿದ ಬಿಳಿ ಅರಿವಿ ಮ್ಯಾಲೆ, ಬೆಳ್ಳಿ ತಾಟಿನಾಗ. ಅದರ ಅರ್ಥ ಏನಂತ ನನಗ ತಿಳಿದದ್ದು ಅವತ್ತು. ನಾ ಆರಿಸಿದ ಬಾಯಿ ಕೆಲಸದಾಗ ಅಲ್ಲ, ನಾಚಿಕೊಂಡ ಕೈ ಕೆಲಸದಾಗ ದೇವರು ನನಗ ಕಾಯ್ಕೊಂಡು ಕುಂತಿದ್ದ. ಅದೂ ಹೊಸ್ತಲದ ಹೊರಗ.

ಬಂಡಿ ಬಂತು. ಖಾಲಿ ಹೋಯ್ತು.

ಹಂಗಂತ ಊರು ಬದಲಾಯ್ತು ಅಂತ ತಿಳೀಬ್ಯಾಡ್ರಿ. ಕುಲದವರು ಮಾಳವ್ವನ್ನ ಕರೆದು ಕೇಳಿದರು, ಆಕಿ ಏನೋ ಹೇಳಿ ಬಾಯಿ ಮುಚ್ಚಿಸಿದಳು. ನನ್ನ ಹತ್ರ ಕೌದಿ ಹೊಲಿಸಾಕ ಹೆಣ್ಣುಮಕ್ಕಳು ಬರಾಕ ಹತ್ತಿದರು. ಆದರ ಬಾಳ ಮಂದಿ ಮೂಲಿಗೆ ತಮ್ಮ ಮನಿ ರೊಟ್ಟಿನ ಕಟ್ಟಿಕೊಂಡು ಬರೋರು, ನಾ ಸುಮ್ಮ ಹೊಲಿದು ಕೊಡತಿದ್ದೆ. ಅವರು ಹೊಸ್ತಲದಾಚೆ ಕುಂತು ಕತಿ ಕೇಳೋರು, ಕುರಿ ಕತಿಗೆ ಮಾಳವ್ವ ತಪ್ಪದ ತ್ವಾಳ ತರೋಳು. ಅವರ್ಯಾರೂ ಕ್ರಿಸ್ತರಾಗಲಿಲ್ಲ. ಮಾಳವ್ವನೂ ಆಗಲಿಲ್ಲ, ಕಡೀತನಕ ತನ್ನ ಬೀರಪ್ಪಗ ನಡಕೊಂಡಳು. ತಿಂಗಳ ಕಾಗದದಾಗ ಏನ ಬರೀಬೇಕು ಅಂತ ನನಗ ತಿಳೀತಿರಲಿಲ್ಲ. ಒಮ್ಮಿ, ಈ ತಿಂಗಳು ಒಂದು ಕೌದಿ, ಅಂತ ಅಷ್ಟ ಬರೆದೆ. ದೊರೆಸಾನಿ ಅದರ ಸುತ್ತ ಕೆಂಪು ಗೆರಿ ಎಳೆದು, ಇದೇನು ಅಂತ ಕೇಳಿ ಕಳಿಸಿದ್ದಳು.

ಆಮ್ಯಾಲೆ ರಜಾಕಾರರ ಗದ್ದಲ ಎದ್ದಿತು. ಹಳ್ಳಿಯಾಗಿದ್ದ ನಮ್ಮಂಥ ಒಂಟಿ ಹೆಣ್ಣುಮಕ್ಕಳನ್ನೆಲ್ಲಾ ಯಾದಗಿರಿಗೆ ಕರೆಸಿಕೊಂಡರು. ಹೊಂಡೋ ದಿನ ಮಾಳವ್ವ, ಈಗ ಇಲಿ ಕಡದೈತಲ್ಲ, ಈ ಕೌದಿ ತಂದು ಕೊಟ್ಟಳು. ಕಣ್ಣು ಕಾಣದಾಕಿ, ಬೆರಳಿನ ಮ್ಯಾಲೆ ಬೆರಳು ಇಟ್ಟು ಅಂದಾಜಿನ ಮ್ಯಾಲೆ ಹೊಲಿದದ್ದು. ಹೊಲಿಗಿ ಕುರಿ ಅಡ್ಡಾಡಿದಂಗ ಎಲ್ಲೆಲ್ಲೋ ಹೋಗೈತಿ. "ಹೊಟ್ಟಿ ತುಂಬಿ ಹೊಲಿದೀನಿ" ಅಂದಳು. ಗದ್ದಲ ಮುಗಿದು ವರ್ಷ ಆದ ಮ್ಯಾಲೆ ಹೋಗಿ ನೋಡಿದ್ರ ಮಾಳವ್ವ ಇರಲಿಲ್ಲ. ನಿಂಗಮ್ಮನ ಮಗ ಬೇವಿನ ಗಿಡದ ಕೆಳಗ ಆಡಾಕತ್ತಿದ್ದ, ನನ್ನ ನೋಡಿ ಮನಿ ಕಡೆ ಓಡಿಹೋದ.

ಅಲ್ಲಿಂದ ಇಲ್ಲಿತನಕ ನಾ ಒಬ್ಬಾಕಿನ ಇದ್ದೀನಿ. ಸಾಲಿಯಾಗ ಹೊಲಿಗಿ ಕಲಿಸಿದೆ, ಹಾಡು ಕಲಿಸಿದೆ, ಎಷ್ಟೋ ಕೌದಿ ಹೊಲಿದೆ. ಮಂದಿಗೆ ಕೊಡೋದು ಒಂದು ಚಲೋ ಕಲಿತೆ. ಬಾಜೂ ಮನ್ಯಾಗ ಪದ್ಮಮ್ಮ ಅಂತ ಇದ್ದಾರ, ಗುರುಮಠಕಲ್ಲಿನವರು, ಅರ್ಧ ಕನ್ನಡ ಅರ್ಧ ತೆಲುಗು. ಹನ್ನೆರಡು ವರ್ಷದಿಂದ ನಮ್ಮಿಬ್ಬರದು ಒಂದ ಗೋಡಿ. ಕ್ರಿಸ್ಮಸ್ಸಿಗೆ ಅವರ ಮನಿಗೆ ಕರ್ಚಿಕಾಯಿ ಕೊಡ್ತೀನಿ, ಅದರ ಜೋಡಿ ಒಂದು ಅಚ್ಚಿನ ಕಾಗದ ಇಡ್ತೀನಿ. ಹನ್ನೆರಡು ವರ್ಷದಾಗ ಅವರ ಮನಿಯಿಂದ ಒಂದು ಚಿಟಿಕಿ ಉಪ್ಪು ಕೇಳಿಲ್ಲ. ಕೇಳಿದ್ರ ಅವರ ಮಾರಿ ಹ್ಯಾಂಗ ಆಗತೈತೋ ಅನ್ನೋ ಅಂಜಿಕಿ ನನಗ ಇನ್ನೂ ಹೋಗಿಲ್ಲ. ಕಾಗದ ಕೊಡೋದು ಸಸಾರ ನೋಡ್ರಿ.

ಇವತ್ತು ಮಧ್ಯಾಹ್ನ ಆ ತೂತು ಹೊಲಿಯಾಕ ದಬ್ಬಣಕ್ಕ ದಾರ ಪೋಣಿಸಿದೆ. ನಮ್ಮವ್ವನ ದಬ್ಬಣನ. ಒಲಿ ಮ್ಯಾಲೆ ನನ್ನ ರೊಟ್ಟಿ ಇತ್ತು, ಆದರ ಹೊದಿಯಾಕಿ ನಾನ, ನಂದು ನಡಿಯಂಗಿಲ್ಲ. ಬಿಸಿಲು ಗೋಡಿ ಇಳಿಯೋತನಕ ಸೂಜಿ ಹಿಡಕೊಂಡು ಕುಂತೆ. ಕಡೀಕ ಕೌದಿ ಹೆಗಲ ಮ್ಯಾಲೆ ಹಾಕ್ಕೊಂಡು ಎದ್ದು, ಪದ್ಮಮ್ಮನ ಹೊಸ್ತಲದ ಹೊರಗ ಹೋಗಿ ನಿಂತೆ. ಅವರು ರೊಟ್ಟಿ ಬಡಿಯಾಕತ್ತಿದ್ದರು, ಸಪ್ಪಳ ಕೇಳತಿತ್ತು.

"ಪದ್ಮಮ್ಮಾರ, ಒಂದು ತುಂಡು ರೊಟ್ಟಿ ಬೇಕಿತ್ರಿ."

ಸಪ್ಪಳ ನಿಂತಿತು. ಹಿಟ್ಟಿನ ಕೈಲೇ ಹೊರಗ ಬಂದರು. ನನ್ನ ನೋಡಿದರು, ಕೌದಿ ನೋಡಿದರು.

"ಯಾರಿಗ್ರೀ ಮಾರ್ತಮ್ಮಾರ? ಮನಿಗೆ ಯಾರರ ಬಂದಾರೇನು?"

"ಇಲ್ರಿ, ಈ ಕೌದಿಗೆ" ಅಂದೆ. ಅಂದು, ತಡೆದು, "ನನಗೂ ಒಂದು ತುಂಡು ಕೊಡ್ರಿ" ಅಂದೆ.